ಚೊಚ್ಚಲ ಪಾಠ

ಯಾವ ವಿದ್ಯೆಯನ್ನೇ ಆಗಲಿ, ಕಲಿಯುವವರು ಮೊದಮೊದಲು ಏನನ್ನಾದರೂ ಕೆಡಿಸಿಯೇ ಕಲಿಯಬೇಕು. ನೇಗಿಲಿನ ಮೇಣಿಗೆ ಮೊದಲ ಸಲ ಕೈಹಚ್ಚಿದ ಹುಡುಗನ ಸಾಲು ಸೊಟ್ಟಗಾಗುತ್ತದೆ. ಹೊಲಿಗೆ ಕಲಿಯುವವಳು ಅರ್ಧ ಗಜ ಬಟ್ಟೆಯನ್ನಾದರೂ ಹಾಳುಮಾಡುತ್ತಾಳೆ. ನಮ್ಮ ಸೀಮೆಯಲ್ಲಿ ಹೊಸದಾಗಿ ಕೋಲು ಹಿಡಿದವರು ತಿರುವಿದ ಮುದ್ದೆಯಲ್ಲಿ ಹಿಟ್ಟಿನ ಗಂಟು ಸಿಕ್ಕದೆ ಇರುವುದಿಲ್ಲ. ಮನೆಯವರು ನಗುತ್ತ ನುಂಗುತ್ತಾರೆ. ಕೆಟ್ಟರೆ ಕೆಟ್ಟದ್ದು ಒಂದು ಹಿಡಿ ಹಿಟ್ಟು, ಒಂದು ತುಂಡು ಬಟ್ಟೆ. ಆದರೆ ಮೂರು ವರ್ಷದ ಮಗುವಿಗೆ ಕಲಿಸುವುದನ್ನು ಕಲಿಯಹೊರಟವರು ಕೆಡಿಸುವುದು ಯಾವುದನ್ನು? ಕೆಡಿಸಲು ಅವರಿಗೆ ಅಪ್ಪಣೆ ಕೊಟ್ಟವರಾದರೂ ಯಾರು?

ಶಿಕ್ಷಕರ ತರಬೇತಿಯಲ್ಲಿ ಶಾಲೆಯ ಒಡನಾಟಕ್ಕೆ ಈಗ ಮೊದಲಿಗಿಂತ ಹೆಚ್ಚು ಜಾಗ ದೊರೆತಿದೆ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2014ರಲ್ಲಿ ಹೊರಡಿಸಿದ ನಿಯಮಗಳು ಶಾಲಾಪೂರ್ವ ಶಿಕ್ಷಣದ ಡಿಪ್ಲೊಮಾಕ್ಕೆ 2 ವರ್ಷದ ಅವಧಿಯನ್ನು ಗೊತ್ತುಮಾಡಿದವು, ಬಿ.ಎಡ್. ವ್ಯಾಸಂಗವನ್ನೂ 2 ವರ್ಷಕ್ಕೆ ಹಿಗ್ಗಿಸಿ, ಅದರಲ್ಲಿ 20 ವಾರಗಳನ್ನು ಶಾಲೆಗೆಂದೇ ಮೀಸಲಿಟ್ಟವು. ಇಷ್ಟು ಪಾಠ ಮುಗಿಯಿತೆಂದು ಲೆಕ್ಕ ಹಾಕಿ ಗೆರೆಯೆಳೆಯುತ್ತಿದ್ದ ಕಾಲಕ್ಕಿಂತ ಇದು ಮೇಲೆಂಬುದರಲ್ಲಿ ನನಗೆ ಸಂಶಯವಿಲ್ಲ. ಮಗುವನ್ನು ಮುಟ್ಟದೆ ಶಿಶುಶಿಕ್ಷಣ ಕಲಿಯುತ್ತೇನೆಂಬುವರನ್ನು ನಂಬಿ ನಾನಂತೂ ಮಗುವನ್ನು ಕಳುಹಿಸಲಾರೆ. ಪ್ರಶ್ನೆ ಬೇರೊಂದು ಇದೆ.

ಅದು ನನಗೆ ಎದುರಾದದ್ದು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಹೋಬಳಿಯಲ್ಲಿ. ನನ್ನ ಅಕ್ಕನ ಮಗಳು ಶಿಶುಶಿಕ್ಷಣದ ತರಬೇತಿಯಲ್ಲಿದ್ದಳು. ಅಲ್ಲಿಯ ಒಂದು ಅಂಗನವಾಡಿಯಲ್ಲಿ ಅವಳ ಅಭ್ಯಾಸ. ಪಾಠಟಿಪ್ಪಣಿಯ ಕನ್ನಡವನ್ನು ತಿದ್ದಿಕೊಡುವುದು ಮಾಮನ ಕೆಲಸವಾಯಿತು. 'ಈ ಪಾಠದ ಅಂತ್ಯಕ್ಕೆ ಮಗುವು ಕೆಂಪು ವರ್ಣವನ್ನು ಗುರುತಿಸಲು ಸಮರ್ಥವಾಗುತ್ತದೆ' ಎಂಬಂಥ ವಾಕ್ಯಗಳು; ವ್ಯಾಕರಣಕ್ಕೆ ಕುಂದಿಲ್ಲ, ಮಗುವಿನ ಸುಳಿವೂ ಇಲ್ಲ. ಒಂದು ಬೆಳಗ್ಗೆ ನಾನೇ ಹೋಗಿ ಆ ಅಂಗನವಾಡಿಯ ಜಗಲಿಯ ಮೇಲೆ ಕುಳಿತೆ. ಒಳಗೆ ನಮ್ಮ ಹುಡುಗಿ ಹುಣಿಸೆ ಬೀಜ ಹರಡಿಕೊಂಡು ಎಣಿಕೆ ಹೇಳಿಸುತ್ತಿದ್ದಳು. ಎಣಿಕೆ ಏಳರಾಚೆಗೆ ಹೋಗಲಿಲ್ಲ. ಆದರೆ ಪುಟ್ಟ ಹುಡುಗಿಯೊಬ್ಬಳು ಅವಳ ದುಪ್ಪಟ್ಟಾದ ಅಂಚನ್ನು ಮುಷ್ಟಿಯಲ್ಲಿ ಹಿಡಿದವಳು ಬಿಡಲೇ ಇಲ್ಲ. ಅವಳು ಎದ್ದರೆ ತಾನೂ ಏಳುವುದು, ಕುಳಿತರೆ ತಾನೂ ಕೂರುವುದು.

"ಹೋದ ವರ್ಷವೂ ಒಬ್ಬರು ಬಂದಿದ್ದರು ಮೇಷ್ಟ್ರೇ," ಎಂದರು ಅಂಗನವಾಡಿಯ ಕಾರ್ಯಕರ್ತೆ, ತರಕಾರಿ ಹೆಚ್ಚುತ್ತಲೇ. "ವಾರಗಳು ಮುಗಿದವು, ಹೋದರು. ಮಕ್ಕಳು ಮೂರು ದಿನ ಬಾಗಿಲ ಕಡೆ ನೋಡ್ತಾ ಇದ್ದವು. ಆಮೇಲೆ ನೋಡಲಿಲ್ಲ. ಆಮೇಲೆ ನೋಡದೆ ಹೋದವಲ್ಲ, ಅದೇ ನನಗೆ ಬೇಜಾರು."

ಈ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಹೊಸಬರು ಕೆಟ್ಟದಾಗಿ ಪಾಠ ಹೇಳಿದರೆ ಮಗುವಿಗೆ ಆಗುವ ನಷ್ಟ ಅಷ್ಟರಲ್ಲೇ ಇದೆ. ಎಂಟನೆಯ ಬೀಜವನ್ನು ನಾಳೆ ಎಣಿಸಿದರಾಯಿತು. ಅವರು ಚೆನ್ನಾಗಿ ಹೇಳಿದರೆ, ಮಗು ಅವರನ್ನು ಹಚ್ಚಿಕೊಂಡರೆ, ಆಗ ನಷ್ಟ ದೊಡ್ಡದು. ಪ್ರೀತಿಯಿಂದ ಕಲಿಸಬೇಕೆಂದು ತರಬೇತಿ ಹೇಳುತ್ತದೆ. ಆ ಪ್ರೀತಿಗೆ ಹೊರಡುವ ತಾರೀಖನ್ನೂ ಅದೇ ಗೊತ್ತುಮಾಡಿರುತ್ತದೆ. ತಾರೀಖು ದೊಡ್ಡವರಿಗೆಲ್ಲ ತಿಳಿದಿದೆ. ತಿಳಿಯದಿರುವುದು ದುಪ್ಪಟ್ಟಾ ಹಿಡಿದವಳಿಗೆ ಮಾತ್ರ.

ಮಗು ಮರೆತುಬಿಡುತ್ತದೆ, ಬಿಡಿ, ಎನ್ನುವವರುಂಟು. ಮರೆವೆಂಬುದು ಏನೆಂದು ಇವರು ಕೇಳಿಕೊಂಡಂತಿಲ್ಲ. ಇಂಗ್ಲೆಂಡಿನ ಜೇಮ್ಸ್ ರಾಬರ್ಟ್‌ಸನ್ ಎಂಬಾತ 1952ರಲ್ಲಿ ಒಂದು ಚಲನಚಿತ್ರವನ್ನು ಹೊರತಂದ. ಎರಡು ವರ್ಷದ ಮಗುವೊಂದು ಎಂಟು ದಿನ ಆಸ್ಪತ್ರೆಯಲ್ಲಿದ್ದುದರ ದಾಖಲೆ ಅದು. ಆಗ ಅಲ್ಲಿಯ ಆಸ್ಪತ್ರೆಗಳಲ್ಲಿ ತಾಯಂದಿರನ್ನು ಮಗುವಿನ ಬಳಿ ಇರಗೊಡುತ್ತಿರಲಿಲ್ಲ. ಅತ್ತು ಅತ್ತು ಸುಮ್ಮನಾದ ಮಗುವನ್ನು 'ಹೊಂದಿಕೊಂಡಿದೆ' ಎಂದು ಬಗೆಯುವುದು ವಾಡಿಕೆ. ಸುಮ್ಮನಾದದ್ದು ಸಮಾಧಾನದಿಂದಲ್ಲ, ಆಸೆಗೆಟ್ಟು ಎಂಬುದನ್ನು ಆ ಚಿತ್ರ ಕಣ್ಣಿಗೆ ಕಾಣಿಸಿತು. 1959ರಲ್ಲಿ ಪ್ಲಾಟ್ ಸಮಿತಿ ಮಕ್ಕಳನ್ನು ಕಾಣಲು ತಾಯ್ತಂದೆಯರಿಗೆ ತಡೆಯಿರಬಾರದೆಂದು ಶಿಫಾರಸು ಮಾಡಿತು. ತಾಯಿಯ ಅಗಲಿಕೆಯನ್ನೂ ಪ್ರಶಿಕ್ಷಣಾರ್ಥಿಯ ಅಗಲಿಕೆಯನ್ನೂ ಒಂದೇ ತಕ್ಕಡಿಯಲ್ಲಿ ಇಡಲು ನಾನು ಹೊರಟಿಲ್ಲ. ಸಂಜೆ ಮನೆಗೆ ಹೋದರೆ ಅಮ್ಮನಿದ್ದಾಳೆ, ಅಜ್ಜಿಯಿದ್ದಾಳೆ. ಆದರೂ ಬಾಗಿಲ ಕಡೆ ನೋಡುವುದನ್ನು ನಿಲ್ಲಿಸಿದ ಮಗು ಒಂದು ಪಾಠ ಕಲಿತಿದೆ. ಆ ಪಾಠ ಯಾವ ಟಿಪ್ಪಣಿಯಲ್ಲೂ ಇಲ್ಲ.

ಹಾಗಾದರೆ ಕಲಿಯುವುದೇ ಬೇಡವೆ? ಇಲ್ಲಿ ನನಗೆ ನಮ್ಮ ಹೆಂಗಸರ ಬಾಣಂತನ ನೆನಪಾಗುತ್ತದೆ. ತಾಯಿಯೂ ಚೊಚ್ಚಲ ಮಗುವಿನ ಮೇಲೆ ಕಲಿಯುವವಳೇ. ಕೂಸನ್ನು ಎತ್ತುವುದು, ಕಾಲಮೇಲೆ ಹಾಕಿಕೊಂಡು ನೀರೆರೆಯುವುದು, ಅಳುವಿನಲ್ಲಿ ಹಸಿವು ಯಾವುದು ಹೊಟ್ಟೆನೋವು ಯಾವುದೆಂದು ತಿಳಿಯುವುದು, ಎಲ್ಲಕ್ಕೂ ಆ ಒಂದೇ ಜೀವ ಅವಳ ಹಲಗೆ ಬಳಪ. ನಮ್ಮ ಹಿರಿಯರು ಇದನ್ನು ಬಲ್ಲವರಾಗಿ ಚೊಚ್ಚಲ ಹೆರಿಗೆಯನ್ನು ತವರಿನಲ್ಲಿಟ್ಟರು. ಎರೆಯುವಾಗ ಪಕ್ಕದಲ್ಲಿ ಅಜ್ಜಿಯ ಕೈ ಇರುತ್ತದೆ. ಜಾರಿದರೆ ಹಿಡಿಯುತ್ತದೆ, ಜಾರದಿದ್ದರೆ ಸುಮ್ಮನಿರುತ್ತದೆ. ಕುಣಿಗಲ್ ಕುದುರೆಗಳ ಸಾಕಣೆಗೆ ಹೆಸರಾದ ಊರು. ಕುದುರೆ ಬಲ್ಲವರೂ ಹೊಸ ಸವಾರನನ್ನು ಹೊಸ ಕುದುರೆಯ ಮೇಲೆ ಕೂರಿಸುವುದಿಲ್ಲವಂತೆ. ಅಂಗನವಾಡಿಯಲ್ಲಿ ಇಬ್ಬರೂ ಹೊಸಬರೇ. ಆದ್ದರಿಂದ ಪಕ್ಕದಲ್ಲಿ ಹಳಬರು ಇರಲೇಬೇಕು. 'ಪ್ರಶಿಕ್ಷಣಾರ್ಥಿ ಬಂದಿದ್ದಾಳೆ, ನಾನು ಲೆಕ್ಕದ ಪುಸ್ತಕ ಬರೆದುಕೊಳ್ಳುತ್ತೇನೆ' ಎಂದು ಎದ್ದುಹೋಗುವಂತಿಲ್ಲ. ಅವರ ತಲೆಯ ಮೇಲಿರುವ ದಾಖಲೆಗಳ ಹೊರೆಯನ್ನು ಕಂಡರೆ, ಎದ್ದುಹೋದವರನ್ನು ಬೈಯಲು ಮನಸ್ಸು ಬಾರದು, ಆ ಮಾತು ಬೇರೆ.

ತಾಯಿಗೂ ಪ್ರಶಿಕ್ಷಣಾರ್ಥಿಗೂ ಇರುವ ದೊಡ್ಡ ವ್ಯತ್ಯಾಸ ಇನ್ನೊಂದು. ತಾಯಿ ಕಲಿತ ಮೇಲೆ ಹೊರಟುಹೋಗುವುದಿಲ್ಲ. ಕಲಿತದ್ದರ ಫಲ ಯಾರ ಮೇಲೆ ಕಲಿತಳೋ ಆ ಮಗುವಿಗೇ ಸಲ್ಲುತ್ತದೆ. ಪ್ರಶಿಕ್ಷಣಾರ್ಥಿ ಕಲಿತದ್ದು ಎಲ್ಲಿಗೆ ಹೋಗುತ್ತದೆ? ನಾನು ಕಂಡಮಟ್ಟಿಗೆ, ಅಭ್ಯಾಸಕ್ಕೆ ಸುಲಭವಾಗಿ ತೆರೆದಿರುವುದು ಅಂಗನವಾಡಿ, ಸರ್ಕಾರಿ ಶಾಲೆ. ಕಲಿತ ಮೇಲೆ ಕೆಲಸ ಹುಡುಕುವುದು ಹೆಚ್ಚು ಶುಲ್ಕದ ಶಾಲೆಗಳಲ್ಲಿ. ಬಡವರ ಮಕ್ಕಳ ಮೇಲೆ ಕೈ ಪಳಗಿಸಿ, ಪಳಗಿದ ಕೈಯನ್ನು ಉಳ್ಳವರ ಮಕ್ಕಳಿಗೆ ಕೊಡುತ್ತೇವೆ. ಇದು ಯಾರ ಸಂಚೂ ಅಲ್ಲ, ಹಾಗೆಯೇ ನಡೆದುಬಂದಿದೆ. ಮರಿಯಾ ಮಾಂಟೆಸ್ಸೊರಿ 1907ರ ಜನವರಿ 6ರಂದು ರೋಮಿನ ಸ್ಯಾನ್ ಲೊರೆಂಜೊದಲ್ಲಿ ಮಕ್ಕಳ ಮನೆಯನ್ನು ತೆರೆದದ್ದು ಕೂಲಿಕಾರರ ಮಕ್ಕಳಿಗಾಗಿ. ಆ ಮಕ್ಕಳನ್ನು ಗಮನಿಸುತ್ತಲೇ ಆಕೆ ತಮ್ಮ ಪದ್ಧತಿಯನ್ನು ಬೆಳೆಸಿದರು. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ನಮ್ಮವರಿಗೂ ತರಬೇತಿ ಕೊಟ್ಟರು. ಇಂದು ನಮ್ಮ ಪೇಟೆಗಳಲ್ಲಿ ಆ ಹೆಸರಿನ ಹಲಗೆ ತೂಗುವ ಎಷ್ಟೋ ಬಾಗಿಲುಗಳನ್ನು ಕೂಲಿಯವನ ಮಗು ದಾಟಲಾರದು.

ಹೀಗಲ್ಲದೆ ನಡೆದವರೂ ಇದ್ದಾರೆ. ತಾರಾಬಾಯಿ ಮೋಡಕ್, ಅನುತಾಯಿ ವಾಘ್ 1945ರಲ್ಲಿ ಬೋರ್ಡಿಯಲ್ಲಿ ಹಳ್ಳಿಯ ಮಕ್ಕಳಿಗಾಗಿ ಕೆಲಸ ಆರಂಭಿಸಿದರು. 1957ರಲ್ಲಿ ಅದು ಕೋಸಬಾಡಕ್ಕೆ ಹೋಯಿತು. ಶಾಲೆಗೆ ಬಾರದ ಆದಿವಾಸಿ ಮಕ್ಕಳ ಅಂಗಳಕ್ಕೆ ಶಾಲೆಯನ್ನೇ ಕೊಂಡೊಯ್ದರು. ಕಲ್ಲು, ಬೀಜ, ಎಲೆಗಳೇ ಪಾಠದ ಸಾಮಾನು. ಕಲಿತರು, ಅಲ್ಲಿಯೇ ಉಳಿದರು. ನಮ್ಮ ದೇಶದ ಅಂಗನವಾಡಿಗಳು 1975ರ ಅಕ್ಟೋಬರ್ 2ರಂದು ಆರಂಭವಾದವು, ಕರ್ನಾಟಕದಲ್ಲಿ ಮೊದಲು ತಿ. ನರಸೀಪುರದಲ್ಲಿ. ಹೆಸರಿನಲ್ಲಿ ಅಂಗಳ ಇನ್ನೂ ಇದೆ. ಬಂದವರು ಅಲ್ಲಿ ಅತಿಥಿಗಳೆಂಬುದು ನೆನಪಿದ್ದರೆ ಸಾಕು.

ಎಲ್ಲರೂ ಅನುತಾಯಿಯವರಂತೆ ಉಳಿಯಲಾಗದು, ಒಪ್ಪುತ್ತೇನೆ. ಹೋಗುವವರು ಹೇಳಿಯಾದರೂ ಹೋಗಬಹುದಲ್ಲವೆ? ಮೂರು ವರ್ಷದ ಮಗುವಿಗೆ ಹೇಳಿದರೆ ತಿಳಿಯುವುದಿಲ್ಲವೆಂಬುದು ಸುಳ್ಳು. ಗೋಡೆಯ ಮೇಲೆ ಹತ್ತು ಹೂ ಅಂಟಿಸಿ ದಿನಕ್ಕೊಂದನ್ನು ಮಗುವಿನ ಕೈಯಿಂದಲೇ ತೆಗೆಸಿದರೆ ತಿಳಿಯುತ್ತದೆ. ಬರುವಾಗಲೂ ಹಾಗೆಯೇ: ಮೊದಲ ವಾರ ಪಾಠ ಬೇಡ, ಹೆಸರು ಕಲಿಯಲಿ, ಸಿಂಬಳ ಒರೆಸಲಿ, ಊಟಕ್ಕೆ ತಟ್ಟೆಯಿಡಲಿ. ಅಭ್ಯಾಸದ ವಾರಗಳನ್ನು ಶ್ರೀಮಂತರ ಶಾಲೆಗಳೂ ಹಂಚಿಕೊಳ್ಳಲಿ. ಅಂಕಪಟ್ಟಿಯಲ್ಲಿ ಆ ಕಾರ್ಯಕರ್ತೆಗೂ ಒಂದು ಕಾಲಂ ಇರಲಿ. ಸರ್ಕಾರ ಅವರಿಗೆ ಕೊಡುವುದನ್ನು ಸಂಬಳವೆನ್ನದೆ ಗೌರವಧನವೆನ್ನುತ್ತದೆ. ನಮ್ಮ ಹುಡುಗಿಗೆ ಗುರುವಾದವರು ಆಕೆಯೇ, ಆದರೆ ನಾನು ತಿದ್ದಿದ ಪುಸ್ತಕದಲ್ಲಿ ಆಕೆಯ ರುಜುವಿಗೆ ಜಾಗವಿರಲಿಲ್ಲ.

ತರಬೇತಿ ಮುಗಿದ ಮೇಲೂ ತಿಂಗಳಿಗೊಮ್ಮೆ ಹೋಗಿ ಬಾ ಎಂದು ಅಕ್ಕನ ಮಗಳಿಗೆ ಹೇಳಿದೆ. ಅದಕ್ಕೆ ಅಂಕವಿಲ್ಲವಲ್ಲ ಮಾಮ, ಎಂದು ನಕ್ಕಳು. ಅಂಕವಿಲ್ಲ, ನಿಜ. ಕುಣಿಗಲ್ಲಿನಿಂದ ಕೊತ್ತಗೆರೆ ದೂರವೇನಲ್ಲ. 2023ರಿಂದೀಚೆಗೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡೂ ಇಲ್ಲ. ಎರಡು ಸಲ ಹೋಗಿಬಂದಿದ್ದಾಳೆ. ಮೂರನೆಯ ಸಲ ಹೋಗುತ್ತಾಳೆಯೋ ಇಲ್ಲವೋ ನೋಡಬೇಕು.