ಸಂಗ್ರಹದ ಸುವರ್ಣನಾಣ್ಯ: ಅರ್ಥವೋ, ಆಸೆಯೋ?

ಗೃಹಸ್ಥನಿಗೆ ಅರ್ಥಸಂಪಾದನೆ ನಿಷಿದ್ಧವಲ್ಲ. ಧರ್ಮ, ಕಾಮ, ಮೋಕ್ಷಗಳೊಡನೆ ಅರ್ಥವನ್ನೂ ಪುರುಷಾರ್ಥವೆಂದೇ ನಮ್ಮ ಹಿರಿಯರು ಎಣಿಸಿದ್ದಾರೆ. ಆದರೆ ಗಳಿಸಿದ್ದನ್ನು ವಿವೇಕದಿಂದ ರಕ್ಷಿಸುವುದೂ ಗೃಹಸ್ಥಧರ್ಮವೇ. ತ್ರಿಪ್ಲಿಕೇನಿನಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಲ್ಲಿ ಅನೇಕವು ಊರಿನ ಗದ್ದೆ ತೋಟಗಳನ್ನು ಬಿಟ್ಟು ಬಂದು, ಹೋಟೆಲಿನ ಒಲೆಯ ಮುಂದೆಯೋ ಕಚೇರಿಯ ಮೇಜಿನ ಮುಂದೆಯೋ ದುಡಿದು ನಿಂತವು. ಅಂಥವರಿಗೆ ಚಿನ್ನವೆಂದರೆ ಮಡಿಲಲ್ಲಿ ಕಟ್ಟಿಕೊಂಡು ಹೋಗಬಹುದಾದ ಹೊಲ. ಆದುದರಿಂದಲೇ ಅಕ್ಷಯ ತದಿಗೆ ಸಮೀಪಿಸುತ್ತಲೇ ಹೊಸದಾಗಿ ಅಚ್ಚಾದ ಸಂಗ್ರಹನಾಣ್ಯಗಳ ಜಾಹೀರಾತು ನಮ್ಮ ಮನಸ್ಸನ್ನು ಸೆಳೆಯುತ್ತದೆ. ಅಂದವಾದ ಪೆಟ್ಟಿಗೆ, ಸಂಖ್ಯೆ ನಮೂದಿಸಿದ ಪ್ರಮಾಣಪತ್ರ, 'ಕೆಲವೇ ನಾಣ್ಯಗಳು' ಎಂಬ ಘೋಷಣೆ. ಇದು ಯೋಗ್ಯವಾದ ಹೂಡಿಕೆಯೇ?

ಮೊದಲು ಲೆಕ್ಕವನ್ನು ನೋಡೋಣ. ನಾಣ್ಯದಲ್ಲಿರುವ ಚಿನ್ನದ ಬೆಲೆ 100 ರೂಪಾಯಿ ಎಂದೂ, ಅಚ್ಚಿನ ಕೂಲಿ, ಪೆಟ್ಟಿಗೆ, ಮಾರುವವನ ಲಾಭ ಸೇರಿ 20 ರೂಪಾಯಿ ಎಂದೂ ಇಟ್ಟುಕೊಳ್ಳೋಣ. ಅದರ ಮೇಲೆ ಶೇಕಡಾ 3ರ ಜಿ.ಎಸ್.ಟಿ. ಸೇರಿದರೆ ನಾವು ತೆರುವುದು 123 ರೂಪಾಯಿ 60 ಪೈಸೆ. ಮರುದಿನವೇ ಮಾರಲು ಹೋದರೆ ಅಂಗಡಿಯವನು ತೂಗುವುದು ಚಿನ್ನವನ್ನು ಮಾತ್ರ. ಎರಡು ರೂಪಾಯಿ ಕಳೆದು 98 ಕೊಟ್ಟಾನು. ಚಿನ್ನದ ಧಾರಣೆ ಸುಮಾರು ಕಾಲುಭಾಗದಷ್ಟು ಏರಿದ ಮೇಲೆಯೇ ನಮ್ಮ ಅಸಲು ನಮಗೆ ಬರುತ್ತದೆ. ನಾಣ್ಯವನ್ನು ಮಾರಿದ ಬ್ಯಾಂಕು ಅದನ್ನು ಮರಳಿ ಕೊಳ್ಳುವುದಿಲ್ಲ ಎಂಬುದನ್ನೂ ಮರೆಯಲಾಗದು.

ಚಿನ್ನದ ಧಾರಣೆ ಏರುತ್ತಲೇ ಇದೆಯಲ್ಲ ಎಂದು ಕೆಲವರು ಕೇಳಬಹುದು. 2025ರಲ್ಲಿ 10 ಗ್ರಾಂ ಚಿನ್ನ ಒಂದು ಲಕ್ಷ ರೂಪಾಯಿಯನ್ನು ದಾಟಿದುದು ನಿಜ. ಆದರೆ 2011ರಲ್ಲಿ ಒಂದು ಔನ್ಸಿಗೆ 1900 ಡಾಲರ್ ಮುಟ್ಟಿದ್ದ ಚಿನ್ನ 2015ರ ಕೊನೆಗೆ ಸುಮಾರು 1050ಕ್ಕೆ ಇಳಿದುದೂ ಅಷ್ಟೇ ನಿಜ. ಅಲ್ಲದೆ, ಏರಿಕೆಯ ಫಲ ಸಾದಾ ನಾಣ್ಯಕ್ಕೂ ಉಂಟು. ಅದಕ್ಕಾಗಿ ಪೆಟ್ಟಿಗೆಯ ಬೆಲೆಯನ್ನು ತೆರಬೇಕಾಗಿಲ್ಲ.

ಉಳಿದುದು ದುರ್ಲಭತೆಯ ಮಾತು. ಕೃಷ್ಣದೇವರಾಯನು 1514ರಲ್ಲಿ ತಿರುಪತಿಯ ಶ್ರೀನಿವಾಸನಿಗೆ 30,000 ವರಹಗಳಿಂದ ಕನಕಾಭಿಷೇಕ ಮಾಡಿದನು. ಆ ವರಹಗಳು ಸಂಗ್ರಹಕ್ಕೆಂದು ಅಚ್ಚಾದವಲ್ಲ, ವ್ಯವಹಾರದ ಹಣ. 1638ರಿಂದ 1659ರವರೆಗೆ ಮೈಸೂರನ್ನಾಳಿದ ಕಂಠೀರವ ನರಸರಾಜ ಒಡೆಯರು ಅಚ್ಚು ಹಾಕಿಸಿದ ನರಸಿಂಹಮುದ್ರೆಯ ಹಣ ಅರ್ಧ ಗ್ರಾಮಿಗೂ ಕಡಿಮೆ ತೂಕದ್ದು. ಅದು ಸಂತೆ ಪೇಟೆಗಳಲ್ಲಿ ಓಡಾಡಿತು. 1918ರಲ್ಲಿ ಮುಂಬಯಿಯ ಟಂಕಸಾಲೆಯಲ್ಲಿ ಸುಮಾರು 13 ಲಕ್ಷ ಸವರನ್‌ಗಳು ಅಚ್ಚಾದುದೂ ಚಲಾವಣೆಗಾಗಿಯೇ. ಬಳಕೆಯಲ್ಲಿ ಸವೆದು, ಕರಗಿ, ಕಳೆದುಹೋಗಿ ಉಳಿದ ಕೆಲವಕ್ಕೆ ಕಾಲವೇ ಬೆಲೆ ಕಟ್ಟುತ್ತದೆ. ಎಲ್ಲರೂ ಜೋಪಾನವಾಗಿಡಲೆಂದೇ ಕೊಂಡ ವಸ್ತುವಾದರೋ ಹಾಗೆ ಕಡಿಮೆಯಾಗುವ ಸಂಭವವೇ ವಿರಳ. ಎಲ್ಲರ ಕಪಾಟಿನಲ್ಲಿಯೂ ಹೊಳೆಯುತ್ತಿರುವುದನ್ನು ನಾಳೆ ಹೆಚ್ಚು ಬೆಲೆ ಕೊಟ್ಟು ಕೊಳ್ಳುವವರು ಯಾರು?

ಆದರೆ ನಮ್ಮ ಪ್ರಶ್ನೆ ಲಾಭನಷ್ಟದಲ್ಲಿಯೇ ಮುಗಿಯುವುದಿಲ್ಲ. ಒಂದು ವಸ್ತುವನ್ನು ಅದರ ಸೊಗಸಿಗಾಗಿ ಕೊಳ್ಳುವುದು ದೋಷವಲ್ಲ. ಮಗಳ ಮದುವೆಯ ನೆನಪಿಗೆ, ಮೊಮ್ಮಗನ ಉಪನಯನದ ಉಡುಗೊರೆಗೆ ಅಂದವಾದ ನಾಣ್ಯವನ್ನು ಕೊಳ್ಳುವವರು 'ಇದು ನಮ್ಮ ಸಂತೋಷ, ಇದರ ವೆಚ್ಚ ಇಷ್ಟು' ಎಂದು ಒಪ್ಪಿಕೊಂಡು ಕೊಂಡರೆ ಸಾಕು. ಆಸೆಗೆ ಕರ್ತವ್ಯದ ಹೆಸರಿಟ್ಟು, ನಿವೃತ್ತಿಯ ಗ್ರಾಚ್ಯುಯಿಟಿ ಹಣವನ್ನು ಮನೆಯವರಿಗೆ ತಿಳಿಸದೆ ಅದರಲ್ಲಿ ಹಾಕಿ, 'ಮಕ್ಕಳಿಗಾಗಿ ಮಾಡಿದೆ' ಎನ್ನುವುದು ಮಾತ್ರ ಆತ್ಮವಂಚನೆ. ಕುಟುಂಬದ ಹಣಕ್ಕೆ ಯಜಮಾನನು ಪಾಲಕನೇ ಹೊರತು ಒಡೆಯನಲ್ಲ. ನಾಳೆ ಆಸ್ಪತ್ರೆಯ ಬಿಲ್ಲು ಬಂದಾಗ ಪ್ರಮಾಣಪತ್ರದ ಸಂಖ್ಯೆಯನ್ನು ಯಾರೂ ಕೇಳುವುದಿಲ್ಲ.

ಇನ್ನೊಂದು ಸೂಕ್ಷ್ಮವೂ ಇದೆ. ದೇವರ ಮೂರ್ತಿಯನ್ನು ಅಚ್ಚೊತ್ತಿದ ನಾಣ್ಯವನ್ನು ನಾವು ದೇವರ ಪೆಟ್ಟಿಗೆಯಲ್ಲಿಟ್ಟು ಪೂಜಿಸುತ್ತೇವೆ. ಪೂಜಿಸಿದ್ದನ್ನು ಮೂಸೆಗೆ ಹಾಕಲು ಯಾವ ಗೃಹಿಣಿಯ ಕೈ ಏಳುತ್ತದೆ? ಮಾರಲು ಮನಸ್ಸಾಗದ ವಸ್ತು ಭಕ್ತಿಯ ಧನವಾದೀತೇ ಹೊರತು ಆಪದ್ಧನವಾಗಲಾರದು. ಭಕ್ತಿಗಾಗಿ ಕೊಂಡುದಾದರೆ ಲಾಭದ ಲೆಕ್ಕ ಬೇಡ; ಲಾಭಕ್ಕಾಗಿ ಕೊಳ್ಳುವುದಾದರೆ ಭಕ್ತಿಯನ್ನು ಜಾಹೀರಾತಿನ ಕೈಗೆ ಒಪ್ಪಿಸುವುದು ಬೇಡ. ಪರೀಕ್ಷಿದ್ರಾಜನು ಕಲಿಗೆ ನೆಲೆಗಳನ್ನು ಕೊಡುವಾಗ ಕೊನೆಯದಾಗಿ ಚಿನ್ನವನ್ನು ಕೊಟ್ಟನೆಂದು ಭಾಗವತದಲ್ಲಿದೆ. ಚಿನ್ನವೇ ಕೆಟ್ಟದ್ದೆಂದು ಇದರ ತಾತ್ಪರ್ಯವಲ್ಲ. ಅದರ ಹತ್ತಿರ ಹೋಗುವಾಗ ಎಚ್ಚರವಿರಬೇಕೆಂದು ನಾವು ತಿಳಿಯಬೇಕು.

ಆದುದರಿಂದ ಕೊಳ್ಳುವ ಮುನ್ನ ಮೂರು ಪ್ರಶ್ನೆಗಳನ್ನು ಮನೆಮಂದಿಯೆಲ್ಲ ಕುಳಿತು ಕೇಳಿಕೊಳ್ಳೋಣ. ಇದರಲ್ಲಿ ಚಿನ್ನದ ಬೆಲೆ ಎಷ್ಟು, ಅಲಂಕಾರದ ಬೆಲೆ ಎಷ್ಟು? ಅಗತ್ಯ ಬಿದ್ದಾಗ ಯಾರು, ಯಾವ ಬೆಲೆಗೆ ಇದನ್ನು ಮರಳಿ ಕೊಳ್ಳುವರು? ಬೆಲೆ ಎಂದೂ ಏರದಿದ್ದರೂ ಇದನ್ನು ಕೊಂಡುದಕ್ಕೆ ನಾವು ಸಂತೋಷಪಡುವೆವೇ? ಮೂರನೆಯದಕ್ಕೆ 'ಹೌದು' ಎನ್ನುವವರು ಕೈಗೆ ನಿಲುಕುವಷ್ಟನ್ನು ನಿಶ್ಚಿಂತೆಯಿಂದ ಕೊಳ್ಳಲಿ. 'ಇಲ್ಲ' ಎನ್ನುವವರಿಗೆ ಈ ನಾಣ್ಯ ತಕ್ಕುದಲ್ಲ. ಅವರು ಕಡಿಮೆ ಕೂಲಿಯ ಸಾದಾ ಚಿನ್ನವನ್ನೋ, ಬ್ಯಾಂಕಿನ ಠೇವಣಿಯನ್ನೋ ಆರಿಸಿಕೊಳ್ಳುವುದು ಕ್ಷೇಮ.