ಕಸದ ನಾಯಿ ಕೊನೆಗೆ ಎಲ್ಲಿಗೆ ಹೋಗುತ್ತದೆ?

ಪ್ರಾಚೀನ ಚೀನಾದಲ್ಲಿ ಬಲಿಪೂಜೆಗೆಂದು ಹುಲ್ಲಿನಿಂದ ನಾಯಿ ಹೆಣೆಯುವ ಪದ್ಧತಿ ಇತ್ತು. ಅಲ್ಲಿನ ತತ್ವಜ್ಞಾನಿ ಝುವಾಂಗ್‌ಜಿಯ ಹೆಸರಿನಲ್ಲಿ ಉಳಿದುಬಂದಿರುವ ಗ್ರಂಥ ಅದನ್ನು ವಿವರವಾಗಿಯೇ ಹೇಳುತ್ತದೆ. ಪೂಜೆಗೆ ಮುಂಚೆ ಹುಲ್ಲುನಾಯಿಯನ್ನು ಪೆಟ್ಟಿಗೆಯಲ್ಲಿಟ್ಟು ಕಸೂತಿ ಬಟ್ಟೆ ಹೊದಿಸುತ್ತಿದ್ದರು. ಪುರೋಹಿತ ಉಪವಾಸವಿದ್ದು, ಮಡಿಯಲ್ಲಿ ಅದನ್ನು ಹೊತ್ತು ತರುತ್ತಿದ್ದ. ಪೂಜೆ ಮುಗಿಯಿತೆಂದರೆ ದಾರಿಹೋಕರು ಅದರ ತಲೆ, ಬೆನ್ನು ತುಳಿದುಕೊಂಡೇ ನಡೆಯುತ್ತಿದ್ದರು. ಹುಲ್ಲು ಆಯುವವರು ಅದನ್ನು ಒಲೆಗೆ ಒಯ್ಯುತ್ತಿದ್ದರು. ಯಾರಾದರೂ ಅದನ್ನು ಎತ್ತಿ ತಂದು, ಮತ್ತೆ ಪೆಟ್ಟಿಗೆಯಲ್ಲಿಟ್ಟು, ಬಟ್ಟೆ ಹೊದಿಸಿ, ಅದರ ಪಕ್ಕ ಮಲಗಿದರೆ ಕೆಟ್ಟ ಕನಸು ಕಾಡದೆ ಬಿಡುವುದಿಲ್ಲ ಎಂದೂ ಗ್ರಂಥ ಎಚ್ಚರಿಸುತ್ತದೆ. ಕಾಲ ಮೀರಿದ ವಿಧಿಗಳನ್ನು ಕನ್ಫ್ಯೂಷಿಯಸ್ ಹೊತ್ತು ತಿರುಗುತ್ತಿದ್ದಾನೆ ಎಂದು ಟೀಕಿಸಲು ಬಳಸಿದ ದೃಷ್ಟಾಂತ ಇದು.

ಟೀಕೆಯನ್ನು ಬದಿಗಿಟ್ಟರೂ ಹುಲ್ಲುನಾಯಿ ಉಳಿಯುತ್ತದೆ. ಒಂದು ಆಕೃತಿಗೆ ಪೂರ್ತಿ ಗೌರವ ಕೊಟ್ಟು, ಅದರ ಕೆಲಸ ಮುಗಿದೊಡನೆ ಪೂರ್ತಿಯಾಗಿ ಬಿಟ್ಟುಕೊಡಲು ಸಾಧ್ಯ ಎಂಬುದನ್ನು ಅದು ತೋರಿಸುತ್ತದೆ. ಇಂದು ಜಗತ್ತಿನ ನಾನಾ ಊರುಗಳಲ್ಲಿ ಬಳಸಿ ಬಿಸಾಡಿದ ವಸ್ತುಗಳಿಂದ ಕಟ್ಟಿದ ಪ್ರಾಣಿಗಳು ಚೌಕ, ಉದ್ಯಾನ, ನದಿದಂಡೆಗಳಲ್ಲಿ ಕೆಲವು ವಾರ ನಿಂತು ಹೋಗುತ್ತವೆ. ಅವುಗಳಲ್ಲಿ ನಾಯಿಗಳೂ ಇವೆ. ಅವು ಯಾವುದರಿಂದ ಆದವು ಎಂದು ಎಲ್ಲರೂ ಕೇಳುತ್ತಾರೆ. ಕೊನೆಗೆ ಎಲ್ಲಿಗೆ ಹೋದವು ಎಂದು ಕೇಳುವವರು ಕಡಿಮೆ. ಇಂಥ ಕಲೆಯ ಸತ್ಯಾಸತ್ಯ ತಿಳಿಯುವುದು ಈ ಎರಡನೆಯ ಪ್ರಶ್ನೆಯಿಂದ.

ಬ್ರಿಟನ್ನಿನ ರಾಬರ್ಟ್ ಬ್ರಾಡ್‌ಫರ್ಡ್ ಮಕ್ಕಳು ಆಡಿ ಬಿಟ್ಟ ಪ್ಲಾಸ್ಟಿಕ್ ಆಟಿಕೆಗಳನ್ನು ಮರದ ಚೌಕಟ್ಟಿಗೆ ಸ್ಕ್ರೂ ಹಾಕಿ ಕೂರಿಸಿ ನಾಯಿಗಳನ್ನು ಮಾಡುತ್ತಾರೆ. ದೂರದಿಂದ ಕಾಣುವುದು ಒಂದು ನಾಯಿ. ಹತ್ತಿರ ಹೋದರೆ ಅದರ ಪಕ್ಕೆಯಲ್ಲಿ ಕಾರುಗಳು, ಗೊಂಬೆಗಳು, ಬಣ್ಣಬಣ್ಣದ ಚೂರುಪಾರುಗಳು. ಇಸ್ರೇಲಿನ ನಿರಿತ್ ಲೆವಾವ್ ಸವೆದ ಸೈಕಲ್ ಚೈನುಗಳನ್ನು ಬೆಸೆದು ಜೀವಗಾತ್ರದ ನಾಯಿಗಳನ್ನು ರೂಪಿಸಿದ್ದಾರೆ. ಚೈನಿನ ಕೊಂಡಿಗಳು ಇಳಿಬಿದ್ದಾಗ ತುಪ್ಪಳವಾಗುತ್ತವೆ, ಬಿಗಿಯಾಗಿ ಸುತ್ತಿಕೊಂಡಾಗ ಸ್ನಾಯುವಾಗುತ್ತವೆ. ಮುಂದೆ ದೈತ್ಯ ರಬ್ಬರ್ ಬಾತುಕೋಳಿಯಿಂದ ಹೆಸರಾದ ಡಚ್ ಕಲಾವಿದ ಫ್ಲೋರೆಂಟೈನ್ ಹೋಫ್‌ಮನ್ 2003ರಲ್ಲಿ ನೆದರ್ಲೆಂಡ್ಸ್‌ನ ಲೇನ್ಸ್ ಎಂಬಲ್ಲಿ ಹುಲ್ಲು, ತಂತಿ, ಹಗ್ಗಗಳಿಂದ ‘ಮ್ಯಾಕ್ಸ್’ ಎಂಬ ಭಾರಿ ನಾಯಿಯನ್ನು ನಿಲ್ಲಿಸಿದ್ದರು. ಬೇಸಾಯದ ಊರಿಗೆ ಬೇಸಾಯದ ಸಾಮಗ್ರಿಯಿಂದಲೇ ಆದ ನಾಯಿ ಅದು.

ಈ ಮೂರು ನಾಯಿಗಳನ್ನು ಬಿಚ್ಚುವ ದಿನ ಬಂತು ಎಂದುಕೊಳ್ಳೋಣ. ಹುಲ್ಲು ಹೊಲಕ್ಕೋ ಕೊಟ್ಟಿಗೆಗೋ ಮರಳಬಹುದು. ಕಬ್ಬಿಣದ ಚೈನು ಗುಜರಿಗೆ ಹೋಗಿ ಕರಗಿ ಮತ್ತೆ ಕಬ್ಬಿಣವಾಗಬಹುದು. ಸ್ಕ್ರೂ ಹಾಕಿದ ಆಟಿಕೆಗಳನ್ನು ತಾಳ್ಮೆ ಇದ್ದವರು ಒಂದೊಂದಾಗಿ ಬಿಡಿಸಬಹುದು, ಆದರೆ ನಾನಾ ಬಗೆಯ ಪ್ಲಾಸ್ಟಿಕ್ ಬೆರೆತಿರುವ ಆ ರಾಶಿಯನ್ನು ಕೊಳ್ಳುವವರು ಸಿಗುವುದು ಕಷ್ಟ. ಅವನ್ನು ಶಿಲ್ಪವಾಗಿ ಉಳಿಸಿಕೊಳ್ಳುವುದೇ ಮೇಲು. ಮೂರೂ ‘ಮರುಬಳಕೆಯ ಕಲೆ’ ಎಂಬ ಒಂದೇ ಹೆಸರಿನಡಿ ಬಂದರೂ ಮೂರಕ್ಕೂ ಮೂರು ಭವಿಷ್ಯ.

ನಮ್ಮ ಕಾಲೇಜು ಮೇಳಗಳಲ್ಲಿ, ಮಾಲ್‌ಗಳ ಅಂಗಳದಲ್ಲಿ ಕಾಣುವ ಸಾಮಾನ್ಯ ಬಾಟಲಿ ಪ್ರಾಣಿಯ ಕಾಲೊಂದನ್ನು ಹತ್ತಿರದಿಂದ ನೋಡಿದರೆ ತೊಡಕು ಅರ್ಥವಾಗುತ್ತದೆ. ಒಳಗೆ ಬೆಸುಗೆ ಹಾಕಿದ ಕಬ್ಬಿಣದ ಸರಳು. ಅದರ ಮೇಲೆ ಕೋಳಿಗೂಡಿನ ಜಾಲರಿ. ಜಾಲರಿಗೆ ಬೈಂಡಿಂಗ್ ವೈರಿನಿಂದ ಕಟ್ಟಿದ, ಸೀಳಿದ ನೀರಿನ ಬಾಟಲಿಗಳು. ಕಟ್ಟು ಸಡಿಲವಾದಲ್ಲೆಲ್ಲ ಬಿಸಿ ಅಂಟು, ಮೇಲೆ ಸ್ಪ್ರೇ ಬಣ್ಣ, ಮಳೆಗೆ ಹೆದರಿ ಇನ್ನೊಂದು ಕೋಟ್ ವಾರ್ನಿಷ್. ಬಾಟಲಿ ಪೆಟ್ ಪ್ಲಾಸ್ಟಿಕ್, ಅದರ ಮುಚ್ಚಳ ಬೇರೆಯದೇ ಪ್ಲಾಸ್ಟಿಕ್. ಒಣ ಕಸ ಸಂಗ್ರಹ ಕೇಂದ್ರದಲ್ಲಿ ಕೂತು ಬಗೆ ಬಗೆಯಾಗಿ ವಿಂಗಡಿಸುವ ಹೆಂಗಸರ ಕೈಗೆ ಈ ಕಾಲು ಬಂದರೆ ಅವರು ಅದನ್ನು ಪಕ್ಕಕ್ಕೆ ಎಸೆಯಲೇಬೇಕಾಗುತ್ತದೆ. ಬಣ್ಣ ಬಳಿದ, ಅಂಟು ಮೆತ್ತಿದ ಬಾಟಲಿಗೆ ಬೆಲೆ ಇಲ್ಲ. ಶಿಲ್ಪವಾಗುವ ಮುಂಚೆ ಅದೇ ಬಾಟಲಿ ಮಾರಾಟವಾಗುವ ಸರಕಾಗಿತ್ತು. ಶಿಲ್ಪವಾದ ಮೇಲೆ ಅದು ನಿಜವಾದ ಕಸವಾಯಿತು. ಪರಿಸರದ ಹೆಸರಿನಲ್ಲಿ ನಡೆದ ಈ ಕೆಲಸ, ಮರುಬಳಕೆಯ ದಾರಿಯಲ್ಲಿದ್ದ ವಸ್ತುವನ್ನು ಆ ದಾರಿಯಿಂದ ಹೊರಗೆಳೆದು ಹಾಕಿತು. ಇದು ಸಣ್ಣ ಲೋಪವಲ್ಲ.

ಫೈಬರ್‌ಗ್ಲಾಸ್ ನಾಯಿಗಳದು ಇನ್ನೊಂದು ಬಗೆ. ಬ್ರಿಟನ್ನಿನ ಕೆಲವು ನಗರಗಳಲ್ಲಿ 2016ರ ಹೊತ್ತಿಗೆ ಕಲಾವಿದರು ಬಣ್ಣ ತುಂಬಿದ ‘ಸ್ನೋಡಾಗ್’ಗಳನ್ನು ಬೀದಿಗಳಲ್ಲಿ ಕೆಲವು ವಾರ ನಿಲ್ಲಿಸಿ, ಬಳಿಕ ಹರಾಜು ಹಾಕಿ ಹಣವನ್ನು ಸೇವಾಸಂಸ್ಥೆಗಳಿಗೆ ಕೊಟ್ಟರು. ಆ ದಾನ ದೊಡ್ಡದು, ಅದರ ಬಗ್ಗೆ ಆಕ್ಷೇಪವಿಲ್ಲ. ಆದರೆ ಅಲ್ಲಿ ತಾತ್ಕಾಲಿಕವಾಗಿದ್ದದ್ದು ಪ್ರದರ್ಶನ ಮಾತ್ರ. ಗಾಜಿನ ನಾರು ಮತ್ತು ರಾಳ ಒಂದಾಗಿ ಗಟ್ಟಿಯಾದ ಮೇಲೆ ಅದನ್ನು ಕರಗಿಸಿ ಮತ್ತೆ ಎರಕ ಹೊಯ್ಯಲಾಗದು. ಕೆಲವು ವಾರದ ಸಂತೋಷಕ್ಕೆ ಕೆಲವು ತಲೆಮಾರು ಬಾಳುವ ದೇಹವನ್ನು ಕೊಟ್ಟಂತಾಯಿತು.

ಹಾಗಾದರೆ ಬಾಳಿಕೆ ಬರುವ ಕಲೆಯನ್ನೇ ಮಾಡಬಾರದೇಕೆ, ಕಲ್ಲು, ಕಂಚುಗಳಿರುವಾಗ ಈ ಹುಲ್ಲು, ಬಾಟಲಿಗಳ ಸಹವಾಸ ಏಕೆ ಎಂದು ಯಾರಾದರೂ ಕೇಳಬಹುದು. ಆ ಪ್ರಶ್ನೆಗೆ ಕಂಚಿನ ನಾಯಿಗಳ ಚರಿತ್ರೆಯೇ ಉತ್ತರ ಕೊಡುತ್ತದೆ.

ಸತ್ತ ಒಡೆಯನಿಗಾಗಿ ಟೋಕಿಯೋದ ಶಿಬುಯಾ ನಿಲ್ದಾಣದಲ್ಲಿ ವರ್ಷಗಟ್ಟಲೆ ಕಾದ ಹಚಿಕೋನ ಕಂಚಿನ ಪ್ರತಿಮೆ 1934ರಲ್ಲಿ ಅನಾವರಣಗೊಂಡಾಗ ಹಚಿಕೋ ಇನ್ನೂ ಬದುಕಿದ್ದ, ಸಮಾರಂಭದಲ್ಲಿಯೂ ಇದ್ದ. ಮರುವರ್ಷ ಮಾರ್ಚ್‌ನಲ್ಲಿ ನಾಯಿ ಸತ್ತಿತು. ಪ್ರತಿಮೆ ಬಾಳಿದ್ದು ಹತ್ತೇ ವರ್ಷ. 1944ರಲ್ಲಿ ಯುದ್ಧದ ಲೋಹ ಸಂಗ್ರಹಕ್ಕೆ ಅದನ್ನು ಕಿತ್ತು ಒಯ್ದರು. ಕರಗಿದ ಕಂಚು ರೈಲು ಎಂಜಿನ್ನಿನ ಭಾಗಗಳಾಯಿತು ಎನ್ನುತ್ತಾರೆ. ಅದನ್ನು ಮಾಡಿದ ಶಿಲ್ಪಿ ತೆರು ಆಂದೋ ಯುದ್ಧ ಮುಗಿಯುವ ಮುಂಚೆ ವಾಯುದಾಳಿಯಲ್ಲಿ ತೀರಿಕೊಂಡರು. ಇಂದು ಜನ ಭೇಟಿಗೆ ಗುರುತು ಹೇಳಿಕೊಳ್ಳುವ ಪ್ರತಿಮೆಯನ್ನು 1948ರಲ್ಲಿ ಮಾಡಿದವರು ಅವರ ಮಗ ತಕೇಶಿ.

ಲಂಡನ್ನಿನ ಬ್ಯಾಟರ್ಸೀಯ ಕಂದು ನಾಯಿಯ ಆಯುಸ್ಸು ಇನ್ನೂ ಕಡಿಮೆ. ವೈದ್ಯಕೀಯ ಪ್ರಯೋಗದಲ್ಲಿ ಜೀವಂತವಾಗಿ ಕೊಯ್ಯಿಸಿಕೊಂಡು ಸತ್ತ ಒಂದು ನಾಯಿಯ ನೆನಪಿಗೆ 1906ರಲ್ಲಿ ಕುಡಿಯುವ ನೀರಿನ ಕಾರಂಜಿಯೊಂದರ ಮೇಲೆ ಅದನ್ನು ನಿಲ್ಲಿಸಿದರು. ಅದರ ಫಲಕದ ಬರಹ ವೈದ್ಯಕೀಯ ವಿದ್ಯಾರ್ಥಿಗಳನ್ನು ಕೆರಳಿಸಿತು. 1907ರ ಡಿಸೆಂಬರ್‌ನಲ್ಲಿ ಬೀದಿಗಳಲ್ಲಿ ಗಲಭೆಗಳು ನಡೆದವು. ಪ್ರತಿಮೆಗೆ ಹಗಲೂ ರಾತ್ರಿ ಪೊಲೀಸ್ ಕಾವಲು ಬೇಕಾಯಿತು. 1910ರ ಮಾರ್ಚ್‌ನಲ್ಲಿ ಸ್ಥಳೀಯ ಆಡಳಿತ ಬೆಳಕು ಹರಿಯುವ ಮುಂಚೆಯೇ ನೂರಕ್ಕೂ ಹೆಚ್ಚು ಪೊಲೀಸರ ಬೆಂಗಾವಲಿನಲ್ಲಿ ಅದನ್ನು ತೆಗೆಸಿಬಿಟ್ಟಿತು. ಅದು ಮತ್ತೆ ಕಾಣಲಿಲ್ಲ. ನಿಕೋಲಾ ಹಿಕ್ಸ್ ರೂಪಿಸಿದ ಬೇರೊಂದು ನಾಯಿ ಬ್ಯಾಟರ್ಸೀಗೆ ಬಂದದ್ದು 1985ರಲ್ಲಿ.

ಕಂಚು ಬಾಳುವುದು ಸಮಾಜ ಅದನ್ನು ಬಾಳಿಸುವವರೆಗೆ ಮಾತ್ರ. ಕರಗಿಸಲು ಬರುವ ಲೋಹ ಎಂಬ ಕಾರಣಕ್ಕೇ ಅದು ಬಿಕ್ಕಟ್ಟಿನ ಕಾಲದಲ್ಲಿ ಮೊದಲು ಬಲಿಯಾಗುತ್ತದೆ. ಶಾಶ್ವತತೆ ವಸ್ತುವಿನ ಗುಣ ಎಂದು ನಾವು ಅಂದುಕೊಂಡಿದ್ದೇವೆ. ನಿಜದಲ್ಲಿ ಅದು ಜನರು ಕೊಟ್ಟ ಮಾತು, ಮತ್ತು ಆ ಮಾತನ್ನು ದಿನವೂ ನಡೆಸುವ ಯಾರದೋ ದುಡಿಮೆ.

ಈ ಸಂಗತಿಯನ್ನು ಕನ್ನಡ ನಾಡಿನವರು ಸಾವಿರ ವರ್ಷದ ಹಿಂದೆಯೇ ಕಲ್ಲಿನಲ್ಲಿ ಬರೆದಿಟ್ಟಿದ್ದಾರೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಸುಮಾರು 950ನೇ ಇಸವಿಯದು. ತಕ್ಕೋಲದ ಯುದ್ಧದಲ್ಲಿ ಚೋಳರ ವಿರುದ್ಧ ಹೋರಾಡಿದ ಮಣಲೆರನಿಗೆ ಗಂಗರ ದೊರೆ ಬೂತುಗ ಏನು ಬೇಕೋ ಕೇಳು ಎಂದಾಗ, ಅವನು ಊರು, ಹೊನ್ನು ಕೇಳದೆ ‘ಕಾಳಿ’ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಆ ಕಾಳಿ ಕಾಡುಹಂದಿಯೊಂದಿಗೆ ಸೆಣಸಿ, ಎರಡೂ ಸತ್ತವು. ಮಣಲೆರ ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದ. ಕಾದಾಡುವ ನಾಯಿ, ಹಂದಿಗಳ ಚಿತ್ರ ಅದರ ಮೇಲಿದೆ. ಕಲ್ಲು ನಿಲ್ಲಿಸಿ ಸುಮ್ಮನಾಗಲಿಲ್ಲ ಎಂಬುದು ಇಲ್ಲಿ ಮುಖ್ಯ. ಅದಕ್ಕೆ ಭೂಮಿಯನ್ನು ದತ್ತಿ ಬಿಟ್ಟ, ಪೂಜೆಗೆ ಗೊರವನನ್ನು ಗೊತ್ತುಮಾಡಿದ, ಪೂಜೆ ಸಲ್ಲಿಸದೆ ಉಣ್ಣಕೂಡದು ಎಂಬ ಕಟ್ಟಳೆಯನ್ನೂ ಬರೆಸಿದ. ಕಲ್ಲು ತಾನಾಗಿ ಉಳಿಯುತ್ತದೆ ಎಂಬ ಭ್ರಮೆ ಆ ಕಾಲದವರಿಗೆ ಇರಲಿಲ್ಲ. ಈಗ ಆ ಕಲ್ಲು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಗೊರವನ ಜಾಗದಲ್ಲಿ ಸರ್ಕಾರಿ ಸಿಬ್ಬಂದಿ ಇದ್ದಾರೆ, ದತ್ತಿ ಭೂಮಿಯ ಜಾಗದಲ್ಲಿ ಇಲಾಖೆಯ ಅನುದಾನ ಇದೆ.

ಬಿಲ್ಬಾವೊದ ಗುಗೆನ್‌ಹೈಮ್ ಸಂಗ್ರಹಾಲಯದ ಎದುರು ನಿಂತಿರುವ ಜೆಫ್ ಕೂನ್ಸ್‌ರ ‘ಪಪ್ಪಿ’ಯದೂ ಇದೇ ಕಥೆ. 1992ರಲ್ಲಿ ಜರ್ಮನಿಯ ಆರೋಲ್ಸನ್‌ನಲ್ಲಿ ತಾತ್ಕಾಲಿಕವಾಗಿ ಕಾಣಿಸಿಕೊಂಡ ಈ ಹೂವಿನ ನಾಯಿ 1997ರಿಂದ ಸ್ಪೇನಿನಲ್ಲಿ ಕಾಯಂ ಆಗಿದೆ. ಹನ್ನೆರಡು ಮೀಟರಿಗೂ ಎತ್ತರದ ಅದರ ಮೈಯ ಹೂಗಿಡಗಳನ್ನು ವರ್ಷಕ್ಕೆ ಎರಡು ಸಲ ಪೂರ್ತಿ ಬದಲಿಸುತ್ತಾರೆ. ತೋಟಗಾರರು ಒಂದು ವರ್ಷ ಕೈಬಿಟ್ಟರೆ ಉಳಿಯುವುದು ಉಕ್ಕಿನ ಪಂಜರ.

ಶಾಶ್ವತ ಕಲೆ ದೊಡ್ಡ ಮಾತು ಕೊಡುತ್ತದೆ. ತಾತ್ಕಾಲಿಕ ಕಲೆ ಕೊಡುವ ಮಾತು ಚಿಕ್ಕದು: ಬರುತ್ತೇನೆ, ಇರುತ್ತೇನೆ, ಹೋಗುತ್ತೇನೆ. ಬಳಸಿದ ವಸ್ತುಗಳಿಂದ ಆದ ತಾತ್ಕಾಲಿಕ ಕಲೆ ಅದಕ್ಕೆ ಇನ್ನೊಂದನ್ನು ಸೇರಿಸುತ್ತದೆ: ಹೋಗುವಾಗ ಕಸವಾಗಿ ಹೋಗುವುದಿಲ್ಲ. ಈ ಎರಡನೆಯ ಮಾತನ್ನು ನಡೆಸಿಕೊಡದ ಶಿಲ್ಪ ಎಷ್ಟೇ ಚೆಂದವಿದ್ದರೂ ತನ್ನ ಅರ್ಥವನ್ನು ತಾನೇ ಅಳಿಸಿಕೊಳ್ಳುತ್ತದೆ. ಮಣ್ಣಿನ ಗಣಪತಿ ಮತ್ತು ಪ್ಲಾಸ್ಟರ್ ಆಫ್ ಪ್ಯಾರಿಸ್ ಗಣಪತಿಯ ನಡುವಿನ ವ್ಯತ್ಯಾಸ ಕಂಡವರಿಗೆ ಇದು ಹೊಸ ಮಾತಲ್ಲ. ಎರಡನ್ನೂ ಒಂದೇ ಭಕ್ತಿಯಿಂದ ಕೂರಿಸುತ್ತಾರೆ, ಒಂದೇ ವಾದ್ಯದೊಂದಿಗೆ ಕಳಿಸುತ್ತಾರೆ. ಒಂದು ಕೆರೆಯ ಮಣ್ಣಿಗೆ ಮಣ್ಣಾಗಿ ಸೇರುತ್ತದೆ, ಇನ್ನೊಂದು ವಾರಗಳ ಬಳಿಕವೂ ಕೈ ಮುರಿದು, ಬಣ್ಣ ಬಿಟ್ಟುಕೊಂಡು ದಡದಲ್ಲಿ ಬಿದ್ದಿರುತ್ತದೆ. ವಿಸರ್ಜನೆಯ ವಿಧಿ ಇದ್ದರೆ ಸಾಲದು, ವಿಸರ್ಜನೆಗೆ ಒಗ್ಗುವ ದೇಹವೂ ಬೇಕು.

ಕಲೆಯಿಂದ ಜನಜಾಗೃತಿ ಆಗುತ್ತದಲ್ಲ, ಬಾಟಲಿಗಳ ಲೆಕ್ಕ ಹಿಡಿದು ಅದನ್ನು ಅಳೆಯುವುದು ಸರಿಯೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಒಂದು ಶಿಲ್ಪ ಸಾವಿರ ಜನರ ಕಣ್ಣು ತೆರೆಸಿದರೆ ಒಂದು ಚೀಲ ಪ್ಲಾಸ್ಟಿಕ್ ಹಾಳಾದದ್ದು ದೊಡ್ಡ ವಿಷಯವಲ್ಲ. ಆದರೆ ಏನನ್ನು ತೋರಿಸಿ ಕಣ್ಣು ತೆರೆಸಿತು ಎಂಬುದನ್ನೂ ನೋಡಬೇಕು. ಕಸ ಸುಂದರವಾದ ಪ್ರಾಣಿಯಾಗಬಲ್ಲದು ಎಂದಷ್ಟೇ ತೋರಿಸಿದರೆ ನೋಡಿದವನು ನಿರಾಳನಾಗಿ ಮನೆಗೆ ಹೋಗುತ್ತಾನೆ. ಬಿಸಾಡಿದ್ದಕ್ಕೂ ಒಂದು ಸದ್ಗತಿ ಇದೆ ಎಂಬ ಸಮಾಧಾನ ಅವನ ಜೊತೆಗಿರುತ್ತದೆ. ಅವನ ಬಾಟಲಿಗೆ ನಿಜವಾದ ಸದ್ಗತಿ ಕಾಣಿಸುವವರು ಆ ಚಿತ್ರದಲ್ಲಿ ಇಲ್ಲವೇ ಇಲ್ಲ. ಬೆಂಗಳೂರಿನಲ್ಲಿ ಚಿಂದಿ ಆಯುವವರಿಗೆ ಮಹಾನಗರ ಪಾಲಿಕೆ ಗುರುತಿನ ಚೀಟಿ ಕೊಡಲು ತೊಡಗಿದ್ದೇ 2011ರಲ್ಲಿ. ಅದಕ್ಕೂ ಮುಂಚೆ ದಶಕಗಳ ಕಾಲ ಮುಂಜಾವಿನಲ್ಲಿ ಗೋಣಿಚೀಲ ಹೊತ್ತು ನಡೆದವರನ್ನು ನಗರ ಅನುಮಾನದಿಂದಲೇ ನೋಡಿತ್ತು. ಆ ಹೊತ್ತಿನಲ್ಲಿ ಅವರ ಜೊತೆ ಬೀದಿಯಲ್ಲಿ ಇರುತ್ತಿದ್ದದ್ದು ಬೀದಿನಾಯಿಗಳು.

ಭಾರತದ ನಗರಗಳಲ್ಲಿ ನಾಯಿಯನ್ನೂ ಕಸವನ್ನೂ ಬೇರೆ ಬೇರೆ ಮಾಡಿ ಯೋಚಿಸಲಾಗದು. ತೆರೆದ ತಿಪ್ಪೆಗಳೂ ಹೋಟೆಲುಗಳ ಉಳಿಕೆಯೂ ಬೀದಿನಾಯಿಗಳ ಮುಖ್ಯ ಆಹಾರ. 2025ರ ಆಗಸ್ಟ್ 11ರಂದು ದೆಹಲಿ ಸುತ್ತಮುತ್ತಲ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಗಳಿಗೆ ಸೇರಿಸಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿ, ಅದೇ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಿಸಿದಾಗ, ದೇಶ ನಾಯಿಪ್ರಿಯರು, ನಾಯಿವಿರೋಧಿಗಳು ಎಂದು ಇಬ್ಭಾಗವಾಯಿತು. ಕಚ್ಚಿಸಿಕೊಂಡ ಮಗುವಿನ ನೋವು ನಿಜ, ಹಿಡಿಸಿಕೊಂಡ ನಾಯಿಯ ಭಯವೂ ನಿಜ. ಈ ಜಗಳದ ನಡುವೆ ತಿಪ್ಪೆಯ ಮಾತು ಹಿಂದೆ ಸರಿಯಿತು. ಇಲ್ಲಿ ಕಸದಿಂದ ನಾಯಿ ಮಾಡುವ ಶಿಲ್ಪಿಗೆ ಯುರೋಪಿನ ಶಿಲ್ಪಿಗೆ ಇಲ್ಲದ ಒಂದು ಸತ್ಯ ಕೈಯಲ್ಲೇ ಇದೆ: ಈ ನಾಯಿಯ ಮೈ ನಿಜವಾಗಿಯೂ ನಾವು ಬಿಸಾಡಿದ್ದರಿಂದಲೇ ಆದದ್ದು. ಆ ಸತ್ಯವನ್ನು ಬಿಟ್ಟು ಮುದ್ದಾದ ವಿದೇಶಿ ತಳಿಯ ಬಾಟಲಿ ನಾಯಿ ಮಾಡಿ ನಿಲ್ಲಿಸಿದರೆ ಅವಕಾಶವೊಂದು ಕೈತಪ್ಪಿದಂತೆಯೇ.

ತಾತ್ಕಾಲಿಕ ಕಲೆ ತನ್ನ ಅಂತ್ಯವನ್ನೇ ಸಾಧನೆಯಾಗಿಸಿಕೊಂಡ ಉದಾಹರಣೆಯೂ ಬೆಂಗಳೂರಿನಲ್ಲೇ ಇದೆ. 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯೊಂದನ್ನು ಕೊಳದಂತೆ ಮಾಡಿ ಅದರಲ್ಲಿ ಮೊಸಳೆಯೊಂದನ್ನು ಇಟ್ಟರು. ಚಿತ್ರ ಊರೆಲ್ಲ ಹರಡಿತು, ಪಾಲಿಕೆ ಬಂದು ಗುಂಡಿ ಮುಚ್ಚಿತು. ಮೊಸಳೆ ಹೋದದ್ದೇ ಅದು ಗೆದ್ದದ್ದರ ಗುರುತು. ಅದನ್ನು ಅಲ್ಲೇ ಕಾಯಂ ಮಾಡಿದ್ದರೆ ಗುಂಡಿಯನ್ನೂ ಕಾಯಂ ಮಾಡಬೇಕಾಗುತ್ತಿತ್ತು.

ಆದ್ದರಿಂದ ಇಂಥ ನಾಯಿಗಳನ್ನು ನಿಲ್ಲಿಸುವ ಪಾಲಿಕೆಗಳು, ಕಂಪನಿಗಳು, ಕಾಲೇಜುಗಳು ಕಟ್ಟುವ ದಿನದಷ್ಟೇ ಬಿಚ್ಚುವ ದಿನವನ್ನೂ ಮೊದಲೇ ಗೊತ್ತುಮಾಡಬೇಕು. ಅಂಟಿನ ಬದಲು ನಟ್ಟು ಬೋಲ್ಟು, ಬಣ್ಣದ ಬದಲು ವಸ್ತುವಿನ ಸ್ವಂತ ಬಣ್ಣ, ಒಂದು ಭಾಗಕ್ಕೆ ಒಂದೇ ಬಗೆಯ ವಸ್ತು. ಇವು ಕಲಾವಿದನ ಕೈ ಕಟ್ಟುವ ನಿಯಮಗಳಲ್ಲ, ಛಂದಸ್ಸು ಕವಿಯ ಕೈ ಕಟ್ಟದಂತೆ. ಲೆವಾವ್ ಅವರ ಚೈನುಗಳು ಚೈನುಗಳಾಗಿಯೇ ಉಳಿದು ನಾಯಿಯಾದವು. ಶಿಲ್ಪದ ಪಕ್ಕದ ಫಲಕದಲ್ಲಿ ಕಲಾವಿದನ, ಪ್ರಾಯೋಜಕನ ಹೆಸರಿನ ಜೊತೆಗೆ ಅದು ಇಳಿಯುವ ತಾರೀಖು, ಅದರ ಕಬ್ಬಿಣ ಯಾವ ಗುಜರಿಗೆ, ಪ್ಲಾಸ್ಟಿಕ್ ಯಾವ ಸಂಗ್ರಹ ಕೇಂದ್ರಕ್ಕೆ ಎಂಬ ವಿವರ ಇರಲಿ. ಬಿಚ್ಚುವ ಕೆಲಸವನ್ನು ರಾತ್ರೋರಾತ್ರಿ ಲಾರಿಗೆ ತುಂಬಿ ಮುಗಿಸದೆ ಹಾಡಹಗಲೇ ಜನರೆದುರು ಮಾಡಲಿ. ಅದನ್ನು ಮಾಡಲು ಬೇಕಾದ ಪರಿಣತಿ ಇರುವುದು ವಿಂಗಡಣೆಯ ಕೆಲಸದಲ್ಲಿ ಪಳಗಿದ ಒಣ ಕಸ ಕೇಂದ್ರದ ಕಾರ್ಮಿಕರಿಗೆ. ಪ್ರದರ್ಶನದ ಬಜೆಟ್ಟಿನಲ್ಲಿ ಅವರ ಕೂಲಿಯನ್ನು ಮೊದಲೇ ಸೇರಿಸಬೇಕು, ಫಲಕದಲ್ಲಿ ಅವರ ಹೆಸರುಗಳೂ ಬರಬೇಕು.