ಕಾಯಿಲೆಯಲ್ಲೂ ಪುಣ್ಯವುಂಟೇ?

ಕ್ಯಾನ್ಸರಿಗೆ ಕೀಮೋ ಹಾಕಿಸಿಕೊಳ್ಳುತ್ತಿರುವವರು ‘ಹೆಂಗೋ, ನನ್ನ ಪುಣ್ಯ ಗಟ್ಟಿ ಇತ್ತು’ ಅಂದರೆ, ನೋಡಲು ಬಂದವರಿಗೆ ಏನು ಹೇಳಬೇಕೋ ತಿಳಿಯುವುದಿಲ್ಲ. ಕೂದಲು ಉದುರಿದೆ, ಬಾಯಿ ತುಂಬ ಹುಣ್ಣು, ಅನ್ನ ಕಂಡರೆ ವಾಕರಿಕೆ. ಬೇಗ ಬೇಗ ಬೆಳೆಯುವ ಜೀವಕಣಗಳನ್ನೆಲ್ಲ ಆ ಔಷಧಿ ಹೊಡೆಯುತ್ತದೆ. ಗಡ್ಡೆ ಯಾವುದು, ಕೂದಲ ಬೇರು ಯಾವುದು ಎಂಬ ಭೇದ ಅದಕ್ಕಿಲ್ಲ. ಇಂಥದ್ದರಲ್ಲಿ ಪುಣ್ಯ ಎಲ್ಲಿಂದ ಬಂತು?

ನಟಿ ಮನೀಷಾ ಕೊಯಿರಾಲಾ ಅವರಿಗೆ 2012ರಲ್ಲಿ ಅಂಡಾಶಯದ ಕ್ಯಾನ್ಸರ್ ಪತ್ತೆಯಾಯಿತು. ಗುಣವಾದ ಮೇಲೆ 2018ರಲ್ಲಿ ಹೊರತಂದ ಪುಸ್ತಕದ ಹೆಸರಿನಲ್ಲೇ, ಈ ರೋಗ ತಮಗೆ ಹೊಸ ಬದುಕು ಕೊಟ್ಟಿತೆಂದು ಅವರು ಹೇಳಿಕೊಂಡರು. ಅಮೆರಿಕದ ಲೇಖಕಿ ಬಾರ್ಬರಾ ಎಹ್ರೆನ್‌ರೈಖ್ ಕೂಡ ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರೇ. ಆದರೆ ರೋಗವನ್ನು ವರವೆಂದು ಹೊಗಳುವ ಮಾತು ಅವರಿಗೆ ಸಿಟ್ಟು ತರಿಸಿತು. 2009ರ ಪುಸ್ತಕದಲ್ಲಿ ಅದನ್ನು ನೇರವಾಗಿ ಖಂಡಿಸಿದರು. ಇಬ್ಬರೂ ಅನುಭವಿಸಿ ಹೇಳಿದವರು. ಯಾರ ಮಾತನ್ನು ಸುಳ್ಳೆನ್ನುವುದು?

ಸೂಕ್ಷ್ಮವಾಗಿ ನೋಡಿದರೆ, ಹಾಸಿಗೆ ಹಿಡಿದವರು ಕೈ ಮುಗಿಯುವುದು ಬಹಳ ಸಲ ರೋಗಕ್ಕಲ್ಲ. ರಾತ್ರಿಯಿಡೀ ತಲೆ ಹಿಡಿದು ಕೂತ ತಂಗಿಗೆ, ಒಂದೇ ಸಲಕ್ಕೆ ನೋವಾಗದಂತೆ ಸೂಜಿ ಚುಚ್ಚಿದ ನರ್ಸಮ್ಮನಿಗೆ, ಪ್ಲೇಟ್‌ಲೆಟ್ ಕೊಟ್ಟ ಯಾರೋ ಪುಣ್ಯಾತ್ಮರಿಗೆ. ಆ ಹಳದಿ ಚೀಲವನ್ನು ಸಾಮಾನ್ಯವಾಗಿ 5 ದಿನಕ್ಕಿಂತ ಹೆಚ್ಚು ಇಡುವಂತಿಲ್ಲ. ಅಂದರೆ ನಾಲ್ಕೈದು ದಿನದ ಹಿಂದಷ್ಟೇ ಯಾರೋ ಕೆಲಸ ಬಿಟ್ಟು ಬಂದು ತೋಳು ಚಾಚಿ ಮಲಗಿದ್ದರು! ಚೀಲದ ಮೇಲೆ ರಕ್ತದ ಗುಂಪು, ನಂಬರು ಇರುತ್ತವೆ, ಅವರ ಹೆಸರಿರುವುದಿಲ್ಲ. ಈ ಋಣ ತೀರಿಸೋದು ಯಾರಿಗೆ? ‘ಅವರ ಹೊಟ್ಟೆ ತಣ್ಣಗಿರಲಿ’ ಅನ್ನೋದೊಂದೇ ಉಳಿಯೋದು. ಪುಣ್ಯ ಎಂಬ ಮಾತು ಇಲ್ಲಿಂದ ಹುಟ್ಟುತ್ತದೆ.

‘ಪಕ್ಕದ ಹಾಸಿಗೆಯವರಿಗಿಂತ ನಾವೇ ವಾಸಿ’ ಎಂಬ ಸಮಾಧಾನವೂ ಉಂಟು. ಮನುಷ್ಯರ ಮನಸ್ಸು, ಬಂದುಬಿಡುತ್ತದೆ, ಬೈಯಬೇಕಿಲ್ಲ. ಆದರೆ ಅದು ಇನ್ನೊಬ್ಬರ ಸಂಕಟದಿಂದ ಕಡ ತಂದ ನೆಮ್ಮದಿ. ಪಕ್ಕದವರು ಗುಣವಾಗಿ ಮನೆಗೆ ಹೊರಟ ದಿನ ಅದು ಹೊಟ್ಟೆಕಿಚ್ಚಾಗಿ ತಿರುಗಿದರೂ ಆಶ್ಚರ್ಯವಿಲ್ಲ. ಉಪಕಾರ ನೆನೆಯುವವರಿಗೆ ಆ ಭಯವಿಲ್ಲ.

ಇನ್ನು, ನೋಡಲು ಹೋಗುವವರ ವಿಷಯ. ಬೆಟ್ಟ ಇಳಿದು ಪ್ರಸಾದ ಒಯ್ಯುತ್ತಾರೆ, ಒಯ್ಯಲಿ. ಕೀಮೋದ ದಿನಗಳಲ್ಲಿ ಸೋಂಕಿನ ಅಂಜಿಕೆ ಇರುವುದರಿಂದ ಡಾಕ್ಟರನ್ನು ಕೇಳಿ ಕೊಡಲಿ. ‘ಇದೂ ಒಳ್ಳೇದಕ್ಕೇ ಅಂದ್ಕೊಳ್ಳಿ’, ‘ಹಿಂದಿನ ಜನ್ಮದ ಕರ್ಮ’ ಎಂಬ ಮಾತುಗಳನ್ನು ಮಾತ್ರ ಒಯ್ಯುವುದು ಬೇಡ. ಏನೂ ಅರಿಯದ ಕೂಸಿಗೂ ರಕ್ತದ ಕ್ಯಾನ್ಸರ್ ಬರುತ್ತದಲ್ಲ, ಅದಕ್ಕೆ ಯಾರು ಲೆಕ್ಕ ಹೇಳುತ್ತಾರೆ? ಅಳಬೇಕೆನಿಸಿದವರು ಅಳಲಿ. ಹತ್ತಿರ ಕೂತು, ‘ಒಂದಿಷ್ಟು ಗಂಜಿ ಮಾಡ್ಕೊಂಡು ಬರಲಾ?’ ಎಂದು ಕೇಳಿದರೆ ಸಾಕು. ಆಮೇಲೆ, ಮೈಯಲ್ಲಿ ಶಕ್ತಿಯಿದ್ದವರು ರಕ್ತನಿಧಿ ಯಾವ ಕಡೆ ಎಂದು ವಿಚಾರಿಸಬಹುದು.